ಹನಿ ಬೀಳುವುದು ಒಂದು ಕಡೆ, ತೂತು ಇನ್ನೊಂದು ಕಡೆ: ಹಾಯಿದೋಣಿಯ ಡೆಕ್ ಸೋರಿದಾಗ ಏನೇನು ನೋಡಬೇಕು

ತೊಂದರೆ ಇಷ್ಟೇ. ಮಳೆ ಬಂದ ಮರುದಿನ ದೋಣಿಯ ಒಳಗೆ ಹೋದರೆ ಬಲಗಡೆ ಹಾಸಿಗೆಯಲ್ಲಿ ದಿಂಬು ಇಡುವ ಜಾಗ ಒದ್ದೆ. ಕತ್ತೆತ್ತಿ ನೋಡಿದರೆ ಒಂದು ಬೋಲ್ಟಿನ ತುದಿಯಲ್ಲಿ ಹನಿ ನೇತಾಡುತ್ತಿದೆ. ಬಣ್ಣ ತೆಳು ಚಹಾದ್ದು. ಹೊರಗೆ ಬಂದು ಅದರ ನೇರ ಮೇಲಿರುವ ಸ್ಟಾಂಚನ್ (ಬೇಲಿಯ ಗೂಟ) ಹಿಡಿದು ಅಲುಗಾಡಿಸಿದೆ. ಬುಡ ಕೂದಲೆಳೆಯಷ್ಟು ಅಲುಗಿತು. ಇಷ್ಟನ್ನು ಸರಿಮಾಡುವುದರಲ್ಲಿ ನನಗೆ ಮೂರು ವಾರಾಂತ್ಯ ಹೋಯಿತು. ಅದರಲ್ಲಿ ಒಂದು ಪೂರ್ತಿ ದಂಡ, ಯಾಕೆಂದರೆ ತಪ್ಪು ಜಾಗ ಬಿಚ್ಚಿದ್ದೆ.

ದೋಣಿ 27 ಅಡಿಯದ್ದು, ಫೈಬರ್‌ಗ್ಲಾಸ್, 1979ರಲ್ಲಿ ಕಟ್ಟಿದ್ದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೀಡಾದಲ್ಲಿ ಕಟ್ಟಿರುತ್ತೇನೆ. ಇಲ್ಲಿ ಬೇಸಿಗೆ ಮಧ್ಯಾಹ್ನ 20-25 ನಾಟ್ (ಗಂಟೆಗೆ ಸುಮಾರು 37-46 ಕಿ.ಮೀ.) ಗಾಳಿ ಮಾಮೂಲು, ಉಪ್ಪುನೀರು ಡೆಕ್ (ದೋಣಿಯ ಮೇಲ್ಹಾಸು) ಮೇಲೆ ಎರಚುತ್ತಲೇ ಇರುತ್ತದೆ. ಮಳೆ ಬರುವುದು ಮಾತ್ರ ಚಳಿಗಾಲದಲ್ಲಿ. ಅಂದರೆ ಬೇಸಿಗೆಯಲ್ಲಿ ಸಡಿಲವಾದದ್ದು ನವೆಂಬರ್ ಬಂದ ಮೇಲೆ ಗೊತ್ತಾಗುತ್ತದೆ.

ಸ್ಟಾಂಚನ್ ಅಂದರೆ ಡೆಕ್ಕಿನ ಅಂಚಿನಲ್ಲಿ ಸಾಲಾಗಿ ನಿಂತಿರುವ ಸ್ಟೀಲ್ ಗೂಟ. ಗೂಟದಿಂದ ಗೂಟಕ್ಕೆ ಎಳೆದ ತಂತಿಯೇ ಲೈಫ್‌ಲೈನ್, ಕಾಲು ಜಾರಿದವರು ನೀರಿಗೆ ಬೀಳದಂತೆ ತಡೆಯಬೇಕಾದ ಬೇಲಿ. ಬುಡ ಸ್ವಲ್ಪ ಅಲುಗಿದರೆ ಏನು ಮಹಾ ಅನಿಸಬಹುದು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಗೂಟದ ಎತ್ತರ 60 ಸೆಂಟಿಮೀಟರ್, ಬುಡದಲ್ಲಿ ಒಳಗಿನ ಬೋಲ್ಟಿಗೂ ಹೊರಗಿನದಕ್ಕೂ ನಡುವೆ 6 ಸೆಂಟಿಮೀಟರ್. ಹತ್ತು ಪಟ್ಟು ಸನ್ನೆ. ಮೇಲ್ತುದಿಯಲ್ಲಿ 70 ಕೆಜಿ ಬಲ ಅಡ್ಡಲಾಗಿ ಬಿದ್ದರೆ ಒಳಗಿನ ಬೋಲ್ಟುಗಳ ಮೇಲೆ ಹತ್ತಿರ ಹತ್ತಿರ 700 ಕೆಜಿ ಎಳೆತ. ಮನುಷ್ಯ ಓಡಿ ಬಂದು ಬಿದ್ದರೆ ಇನ್ನೂ ಜಾಸ್ತಿ. ಕೊಳೆತ ಡೆಕ್ಕಿನಿಂದ ಆ ಬೋಲ್ಟ್ ಹಲ್ಲು ಕಿತ್ತ ಹಾಗೆ ಬರುತ್ತದೆ.

ಮೊದಲು: ಇದು ಯಾವ ನೀರು?

ಬೆರಳಿಗೆ ಹನಿ ತಗೊಂಡು ನಾಲಿಗೆಗೆ ಮುಟ್ಟಿಸಿ. ಉಪ್ಪಾದರೆ ಸಮುದ್ರದ್ದು. ಸಪ್ಪೆಯಾದರೆ ಮಳೆ ಅಥವಾ ಕುಡಿಯುವ ನೀರಿನ ಟ್ಯಾಂಕು. ಮಳೆಯೇ ಇಲ್ಲದ ಚಳಿ ರಾತ್ರಿ ಕಳೆದು ಬೆಳಗ್ಗೆ ಎಲ್ಲಾ ಬೋಲ್ಟುಗಳ ತುದಿಯಲ್ಲೂ ಹನಿ ಇದ್ದರೆ ಅದು ಸೋರಿಕೆ ಅಲ್ಲ. ನಿಮ್ಮದೇ ಉಸಿರಿನ ತೇವ ತಣ್ಣನೆಯ ಲೋಹದ ಮೇಲೆ ಬೆವರಾಗಿ ಕೂತಿದೆ, ಗಾಳಿ ಆಡುವಂತೆ ಮಾಡಿದರೆ ಸಾಕು. ನನ್ನದು ಸಪ್ಪೆ, ಒಂದೇ ಬೋಲ್ಟು, ಬಣ್ಣ ಕಂದು. ಕಂದು ಬಣ್ಣ ಒಳ್ಳೆಯ ಸುದ್ದಿಯಲ್ಲ. ನೀರು ಬರುವ ದಾರಿಯಲ್ಲಿ ಮರವನ್ನೋ ತುಕ್ಕನ್ನೋ ತೊಳೆದುಕೊಂಡು ಬಂದಿದೆ.

ನಾನು ಮಾಡಿದ ತಪ್ಪು

ಹನಿ ಸ್ಟಾಂಚನ್ ಬೋಲ್ಟಿನಲ್ಲಿದೆ, ಸ್ಟಾಂಚನ್ನೇ ಅಲುಗುತ್ತದೆ, ಹಾಗಾದರೆ ತೂತು ಅಲ್ಲೇ ಇರಬೇಕು ಅಂತ ಸೀದಾ ಬಿಚ್ಚಿ, ಒರೆಸಿ, ಹೊಸ ಸೀಲಂಟ್ (ಸಂದು ಮುಚ್ಚುವ ಅಂಟು) ಹಚ್ಚಿ ಕೂರಿಸಿದೆ. ಮುಂದಿನ ಮಳೆಗೆ ಅದೇ ಬೋಲ್ಟು, ಅದೇ ಹನಿ.

ಮಲೆನಾಡಿನಲ್ಲಿ ಹುಟ್ಟಿದವನು ನಾನು, ಇಷ್ಟು ಹೊಳೆಯಬೇಕಿತ್ತು. ನಮ್ಮ ಹೆಂಚಿನ ಮನೆಯಲ್ಲಿ ಜಗಲಿ ಮೇಲೆ ನೀರು ತೊಟ್ಟಿಕ್ಕಿದರೆ ಅಜ್ಜ ನೇರ ಮೇಲಿನ ಹೆಂಚು ನೋಡುತ್ತಲೇ ಇರಲಿಲ್ಲ. ರೀಪಿನ ಗುಂಟ ಹಿಂದಕ್ಕೆ ಕಣ್ಣು ಹಾಯಿಸಿ, ಎರಡು ಮೂರು ಮಾರು ಆಚೆ ಗಳು ಹಾಕಿ ಒಂದು ಹೆಂಚು ಸರಿಸುತ್ತಿದ್ದರು. ನಿಂತೇಬಿಡುತ್ತಿತ್ತು.

ಡೆಕ್ ಕೂಡ ಹಾಗೇ. ಮೇಲೆ ಫೈಬರ್‌ಗ್ಲಾಸಿನ ಒಂದು ಪದರ, ಕೆಳಗೆ ಇನ್ನೊಂದು, ನಡುವೆ ಬಾಲ್ಸಾ ಮರ. ಕೆಲವು ದೋಣಿಗಳಲ್ಲಿ ಪ್ಲೈವುಡ್ ಅಥವಾ ಫೋಮ್. ಹಗುರವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು ಅಂತ ಹೀಗೆ ಮಾಡುತ್ತಾರೆ. ಬಾಲ್ಸಾವನ್ನು ಸಣ್ಣ ಸಣ್ಣ ಚೌಕ ತುಂಡು ಮಾಡಿ, ನಾರು ಮೇಲೆ ಕೆಳಗೆ ಬರುವಂತೆ ಜೋಡಿಸಿರುತ್ತಾರೆ. ಆ ಚೌಕಗಳ ನಡುವಿನ ಸಂದುಗಳಿವೆಯಲ್ಲ, ಅವೇ ನೀರಿಗೆ ಕಾಲುವೆ. ಎಲ್ಲೋ ಒಳಗೆ ಇಳಿದ ನೀರು ಸಂದಿಯಿಂದ ಸಂದಿಗೆ ಹರಿದು, ಕೆಳಗಿನ ಪದರದಲ್ಲಿ ಮೊದಲು ಯಾವ ತೂತು ಸಿಗುತ್ತದೋ ಅಲ್ಲಿಂದ ಇಳಿಯುತ್ತದೆ. ನನ್ನ ಹಾಸಿಗೆಯ ಮೇಲಿನ ಬೋಲ್ಟು ಬರೀ ಇಳಿಯುವ ಬಾಗಿಲು.

ಸರಿಯಾದ ದಾರಿ: ಪೈಪ್ ನೀರು, ಇಲ್ಲವೇ ಗಾಳಿ

ಪೈಪ್ ಹಿಡಿಯುವುದಾದರೆ ಕೆಳಗಿನಿಂದ ಮೇಲಕ್ಕೆ ಹೋಗಿ. ಅನುಮಾನ ಇರುವ ಫಿಟಿಂಗುಗಳಿಗೆಲ್ಲ ಮೊದಲು ಮಾಸ್ಕಿಂಗ್ ಟೇಪ್ ಸುತ್ತಿ. ಆಮೇಲೆ ಒಂದೊಂದನ್ನೇ ಬಿಡಿಸಿ, ಹತ್ತು ನಿಮಿಷ ಸಣ್ಣಗೆ ನೀರು ಬಿಡಿ. ಒಳಗೆ ಟಾರ್ಚ್ ಹಿಡಿದು ಒಬ್ಬರು ಕೂತಿರಬೇಕು. ನನ್ನ ಮಗನನ್ನು ಕೂರಿಸಿದ್ದೆ, ಅವನು ಟಾರ್ಚನ್ನು ಮೊಬೈಲಿನಲ್ಲೇ ಹಿಡಿದಿದ್ದ, ಹಾಗಾಗಿ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೀರಿಗೆ ಬಣ್ಣ ಹಾಕಿದರೆ ಸುಲಭವಾಗಿ ಕಾಣುತ್ತದೆ ಅಂತ ಅರಿಶಿನ ಗಿರಿಶಿನ ಕಲಸಬೇಡಿ. ಬಿಳಿ ಜೆಲ್‌ಕೋಟ್ (ಫೈಬರ್‌ಗ್ಲಾಸಿನ ಹೊರಗಿನ ನುಣುಪು ಪದರ) ಮೇಲೆ ಕಲೆ ಕೂತರೆ ಮತ್ತೆ ಅದೊಂದು ಕೆಲಸ.

ನನಗೆ ಕೆಲಸಕ್ಕೆ ಬಂದದ್ದು ಗಾಳಿ. ಕಿಟಕಿ, ವೆಂಟು ಎಲ್ಲ ಮುಚ್ಚಿ ಟೇಪ್ ಹಾಕಿದೆ. ಒಳಗೆ ಇಳಿಯುವ ಬಾಗಿಲಿಗೆ ರಟ್ಟು ಕಟ್ಟಿ, ಅದರಲ್ಲಿ ತೂತು ಮಾಡಿ, ಎಲೆ ಗುಡಿಸುವ ಬ್ಲೋವರಿನ ಮೂತಿ ತೂರಿಸಿದೆ. ಜೋರು ಬೇಡ, ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಒಂದಿಷ್ಟು ಹೆಚ್ಚಾದರೆ ಸಾಕು. ಡೆಕ್ ಮೇಲೆ ಸ್ಪಂಜಿನಿಂದ ಸೋಪಿನ ನೀರು ಹಚ್ಚುತ್ತಾ ಹೋದೆ. ನಾನು ಸೀಲ್ ಮಾಡಿದ್ದ ಸ್ಟಾಂಚನ್ ಸುಮ್ಮನಿತ್ತು. ಅದಕ್ಕಿಂತ ಎರಡು ಅಡಿ ಮುಂದೆ, ಹಗ್ಗ ಹಾಯಿಸಲು ಕೂರಿಸಿದ್ದ ಒಂದು ಪುಟಾಣಿ ಪ್ಯಾಡ್‌ಐ, ಎರಡೇ ಎರಡು ಸ್ಕ್ರೂ ಇರುವ ಸ್ಟೀಲ್ ಕೊಂಡಿ, ಗುಳುಗುಳು ಅಂತ ಗುಳ್ಳೆ ಬಿಡುತ್ತಿತ್ತು. ವರ್ಷಗಟ್ಟಲೆ ಅದನ್ನು ಯಾರೂ ಬಳಸಿರಲಿಲ್ಲ. ಬಳಸದ ಫಿಟಿಂಗ್ ಇದ್ದರೆ ತೆಗೆದುಹಾಕಿ ತೂತು ಮುಚ್ಚುವುದೇ ವಾಸಿ.

ಒಳಗೆ ಎಷ್ಟು ಕೊಳೆತಿದೆ?

ಹಲಸಿನ ಹಣ್ಣು ಬಡಿದು ನೋಡುತ್ತೇವಲ್ಲ, ಇದೂ ಅದೇ ವಿದ್ಯೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಎರಡೆರಡು ಇಂಚಿಗೆ ಒಂದೊಂದು ಏಟು. ಒಳ್ಳೆಯ ಡೆಕ್ ಟಕ್ ಟಕ್ ಅನ್ನುತ್ತದೆ. ಒದ್ದೆಯಾದದ್ದು, ಪದರ ಬಿಟ್ಟದ್ದು ಡಬ್ ಅನ್ನುತ್ತದೆ. ದನಿ ಬದಲಾದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ, ಗುರುತು ಸೇರಿಸಿದರೆ ಕೊಳೆತ ಜಾಗದ ನಕ್ಷೆ ಸಿಗುತ್ತದೆ. ಒಂದು ಎಚ್ಚರ: ಕೆಳಗೆ ಅಡ್ಡಗೋಡೆ ಇರುವಲ್ಲಿ, ಮರದ ಬದಲು ಬರೀ ಫೈಬರ್ ತುಂಬಿರುವಲ್ಲಿ ಕೂಡ ದನಿ ಬದಲಾಗುತ್ತದೆ. ಹಾಗಾಗಿ ಎಡಗಡೆಯ ಅದೇ ಜಾಗವನ್ನೂ ಬಡಿದು ಹೋಲಿಸಿ. ನಡೆದಾಡುವಾಗ ಕಾಲ ಕೆಳಗೆ ಮೆತ್ತಗೆ ಅನಿಸಿದರೆ ಬಡಿದು ನೋಡುವ ಅಗತ್ಯವೇ ಇಲ್ಲ, ರೋಗ ಮುಂದುವರಿದಿದೆ.

ಸ್ಟಾಂಚನ್ ಬುಡದಿಂದ ಸೂರ್ಯಕಿರಣದ ಹಾಗೆ ಹರಡಿದ ಸಣ್ಣ ಬಿರುಕುಗಳಿದ್ದರೆ ಅದನ್ನೂ ಗಮನಿಸಿ. ಜೆಲ್‌ಕೋಟ್ ಹಳೆಯದಾಗಿ ಅಲ್ಲಲ್ಲಿ ಬಿರಿಯುವುದು ಬೇರೆ. ಬುಡದ ಸುತ್ತಲೇ ಬಿರಿದಿದ್ದರೆ ಆ ಫಿಟಿಂಗ್ ಅಲುಗುತ್ತಿದೆ, ಕೆಳಗೆ ಭಾರ ಹಂಚುವ ತಗಡು ಇಲ್ಲದಿರಬಹುದು ಅಂತ ಅರ್ಥ.

ನನ್ನ ದೋಣಿಯಲ್ಲಿ ಡಬ್ ಅಂದದ್ದು ಅಂಗೈ ಅಗಲ, ಪ್ಯಾಡ್‌ಐಯಿಂದ ಸ್ಟಾಂಚನ್ ತನಕ ಒಂದು ಪಟ್ಟಿ. ಇಷ್ಟಾದರೆ ನಾವೇ ಮಾಡಿಕೊಳ್ಳಬಹುದು. ಅರ್ಧ ಡೆಕ್ಕೇ ಹಾಗಿದ್ದರೆ ಮೇಲಿನ ಪದರ ಕತ್ತರಿಸಿ ತೆಗೆದು ಹೊಸ ಮರ ಕೂರಿಸಬೇಕು. ಅದಕ್ಕೆ ಬೋಟ್‌ಯಾರ್ಡಿನವರಿಂದ ಲೆಕ್ಕ ಹಾಕಿಸಿಕೊಂಡು, ಒಂದು ರಾತ್ರಿ ಮಲಗಿ ಎದ್ದು, ಆಮೇಲೆ ತೀರ್ಮಾನ ಮಾಡಿ.

ಬಿಚ್ಚಿದಾಗ ಕಂಡದ್ದು

ಬಿಚ್ಚಲು ಇಬ್ಬರು ಬೇಕು, ಮೇಲೆ ಸ್ಕ್ರೂಡ್ರೈವರ್ ಹಿಡಿದವರು ಒಬ್ಬರು, ಕೆಳಗೆ ಸ್ಪ್ಯಾನರ್ ಹಿಡಿದವರು ಇನ್ನೊಬ್ಬರು. ಮಂಗಳೂರು ಕಡೆಯ ಗೆಳೆಯನೊಬ್ಬ ಬಂದಿದ್ದ. ಅವನು ಕೆಳಗಿನಿಂದಲೇ ಕೂಗಿದ: "ಮಾರಾಯಾ, ಇಲ್ಲಿ ಪ್ಲೇಟೇ ಇಲ್ಲ, ಬರೀ ವಾಷರ್ ಉಂಟು. ಅದೂ ಡೆಕ್ಕಿನ ಒಳಗೆ ಹೂತು ಹೋಗಿದೆ!" ನೋಡಿದರೆ ಹೌದು. ನಾಲ್ಕಾಣೆ ಅಗಲದ ವಾಷರುಗಳು ಬಟ್ಟಲಿನ ಹಾಗೆ ಬಾಗಿ ಫೈಬರಿನೊಳಗೆ ಇಳಿದಿದ್ದವು. ಹೋದ ಸಲ ಸ್ಟಾಂಚನ್ ಬಿಚ್ಚಿದಾಗ ನಾನು ಎದುರಿಗೇ ಇದ್ದ ಇದನ್ನು ನೋಡಿಯೂ ನೋಡಿರಲಿಲ್ಲ. ಸೀಲಂಟಿನ ಧ್ಯಾನದಲ್ಲೇ ಇದ್ದೆ.

ಬೋಲ್ಟು ಹೊರಗೆ ಬಂತು. ತಲೆ ಫಳಫಳ. ತುದಿಯೂ ಪರವಾಗಿಲ್ಲ. ನಡುವೆ, ಒದ್ದೆ ಮರದ ಒಳಗೆ ಕೂತಿದ್ದ ಭಾಗದಲ್ಲಿ ಮಾತ್ರ ಸೊಂಟ ಸಣ್ಣಗಾಗಿತ್ತು. ಗೆದ್ದಲು ತಿಂದ ಹಾಗೆ ಕಪ್ಪು ಗುಳಿಗಳು, ಉಗುರು ಹಾಕಿದರೆ ಕಂದು ಪುಡಿ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಅಂತ ನಂಬಿದವರು ಇದನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ, ಗೀರು ಬಿದ್ದರೂ ಆ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಗಾಳಿಯೇ ಆಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಪೊರೆ ಕಟ್ಟಿಕೊಳ್ಳಲು ಆಮ್ಲಜನಕ ಎಲ್ಲಿಂದ ಬರಬೇಕು? ಅಲ್ಲಿ ಲೋಹ ಸದ್ದಿಲ್ಲದೆ ಸವೆಯುತ್ತದೆ. ಒಳ್ಳೆಯ ಅಡುಗೆ ಪಾತ್ರೆಗೆ ಬಳಸುವುದು 304 ದರ್ಜೆಯ ಸ್ಟೀಲ್, ದೋಣಿಗೆ ಬಳಸಬೇಕಾದದ್ದು 316 ದರ್ಜೆಯದು. ಎರಡನೆಯದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಆದರೂ ಈ ಸಂದಿ ತುಕ್ಕಿನಿಂದ ಅದಕ್ಕೂ ಪೂರ್ತಿ ಬಿಡುಗಡೆ ಇಲ್ಲ. ಹಳೆಯ ಬೋಲ್ಟನ್ನು ಒರೆಸಿ ಮತ್ತೆ ಹಾಕಬೇಡಿ. ಹೊಸದು ತನ್ನಿ.

ತೂತಿನಿಂದ ಬಾಲ್ಸಾ ಕೆದಕಿದೆ. ಚಹಾದಲ್ಲಿ ಅದ್ದಿದ ಬನ್ನಿನ ಹಾಗೆ ಬಂತು, ಹಿಂಡಿದರೆ ನೀರು. ವಾಸನೆ ಕೊಳೆಹಾಕಿದ ತೆಂಗಿನ ನಾರಿನದ್ದು.

ಸರಿಮಾಡಿದ ಕ್ರಮ

ಮೊದಲು ಕೊಳೆತದ್ದನ್ನು ತೆಗೆಯಬೇಕು, ಮೇಲಿನ ಪದರ ಕೆಡಬಾರದು. ಒಂದು ಮೊಳೆಯ ತಲೆ ಕತ್ತರಿಸಿ, ತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಡ್ರಿಲ್ಲಿಗೆ ಹಾಕಿದರೆ ಅದೇ ಆಯುಧ. ತೂತಿನೊಳಗೆ ತೂರಿಸಿ ತಿರುಗಿಸಿದರೆ ಎರಡು ಪದರಗಳ ನಡುವಿನ ಮರ ಪುಡಿಯಾಗಿ ಬರುತ್ತದೆ. ಮರ ಗಟ್ಟಿ ಇರುವಲ್ಲೂ ತೂತಿನ ಸುತ್ತ ಒಂದು ಸೆಂಟಿಮೀಟರ್ ಕೊರೆದು ತೆಗೆಯಿರಿ. ವ್ಯಾಕ್ಯೂಮ್ ಹಿಡಿದು ಎಳೆಯಿರಿ. ಆಮೇಲೆ ಒಣಗಲು ಬಿಡಿ. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ದಂಡ, ಒದ್ದೆ ಮರಕ್ಕೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಅಂಟುವುದಿಲ್ಲ. ನಾನು ಮೇಲೆ ತಾಡಪಾಲು ಕಟ್ಟಿ, ಒಳಗೆ ಸಣ್ಣ ಹೀಟರ್ ಇಟ್ಟು ಒಂದು ವಾರ ಬಿಟ್ಟೆ.

ಕೆಳಗಿನಿಂದ ತೂತಿಗೆ ಟೇಪ್ ಹಾಕಿ. ಮೊದಲು ತೆಳು ಎಪಾಕ್ಸಿ ಬಿಟ್ಟು ಮರ ಕುಡಿಯುವಷ್ಟು ಕುಡಿಯಲಿ. ಆಮೇಲೆ ಸಿಲಿಕಾ ಪುಡಿ ಕಲಸಿದ ಎಪಾಕ್ಸಿ, ಇಡ್ಲಿ ಹಿಟ್ಟಿನ ಹದಕ್ಕೆ. ಒಂದೇ ಸಲ ಜಾಸ್ತಿ ಸುರಿಯಬೇಡಿ, ದಪ್ಪಗೆ ಸುರಿದ ಎಪಾಕ್ಸಿ ತಾನೇ ಬಿಸಿಯಾಗಿ ಹೊಗೆ ಬರುವಷ್ಟು ಕಾಯುತ್ತದೆ. ಕೈಗವಸು ಹಾಕಿಕೊಳ್ಳಿ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆಯಿರಿ. ಈಗ ಬೋಲ್ಟಿನ ಸುತ್ತ ಮರವೇ ಇಲ್ಲ, ಎಪಾಕ್ಸಿಯ ಕೊಳವೆ ಇದೆ. ನಾಳೆ ಸೀಲಂಟ್ ಕೈಕೊಟ್ಟರೂ ನೀರು ನೇರ ಕೆಳಗೆ ಬಂದು ಮುಖಕ್ಕೆ ಬೀಳುತ್ತದೆಯೇ ಹೊರತು ಮರಕ್ಕೆ ಹೋಗುವುದಿಲ್ಲ. ಬೋಲ್ಟು ಬಿಗಿದಾಗ ಡೆಕ್ ಅಮುಕಿಹೋಗುವುದೂ ತಪ್ಪುತ್ತದೆ.

ಯಾವ ಸೀಲಂಟ್ ಅನ್ನುವುದಕ್ಕೆ ಡಾಕಿನಲ್ಲಿ ಹತ್ತು ಜನಕ್ಕೆ ಹನ್ನೊಂದು ಅಭಿಪ್ರಾಯ. ಸ್ಟಾಂಚನ್, ಕ್ಲೀಟ್ (ಹಗ್ಗ ಸುತ್ತಿ ಕಟ್ಟುವ ಕೊಂಬು) ಇಂಥದ್ದಕ್ಕೆ ನನ್ನ ಆಯ್ಕೆ ಬ್ಯುಟೈಲ್ ಟೇಪ್. ಚೂಯಿಂಗ್ ಗಮ್ಮಿನ ಹಾಗೆ ಜಿಗುಟು, ಗಟ್ಟಿಯಾಗುವುದಿಲ್ಲ, ಫಿಟಿಂಗ್ ಅಲುಗಿದಷ್ಟೂ ತಾನೂ ಹಿಗ್ಗುತ್ತದೆ, ಬೇಕಾದಾಗ ಬಿಚ್ಚಬಹುದು. ಪೆಟ್ರೋಲ್, ಡೀಸೆಲ್ ತಾಗುವ ಕಡೆ ಮಾತ್ರ ಬೇಡ, ಕರಗುತ್ತದೆ. ಪಾಲಿಯುರೆಥೇನ್ ಅಂಟು ಒಮ್ಮೆ ಹಿಡಿದರೆ ಬಿಡಿಸುವಾಗ ಜೆಲ್‌ಕೋಟನ್ನೂ ಕಿತ್ತುಕೊಂಡು ಬರುತ್ತದೆ. ಪಾಲಿಸಲ್ಫೈಡ್ ಚೆನ್ನಾಗಿದೆ, ಆದರೆ ಪ್ಲಾಸ್ಟಿಕ್ ಕಿಟಕಿಯನ್ನು ತಿನ್ನುತ್ತದೆ. ಸಿಲಿಕೋನ್ ಅಂತೂ ಡೆಕ್ ಹತ್ತಿರ ತರಬೇಡಿ, ಅದು ಬಿಟ್ಟ ಜಿಡ್ಡಿನ ಮೇಲೆ ಮುಂದೆ ಇನ್ನೇನೂ ಅಂಟುವುದಿಲ್ಲ.

ತೂತಿನ ಬಾಯನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ಸ್ವಲ್ಪ ಅಗಲಿಸಿ, ಬೋಲ್ಟಿನ ಕತ್ತಿಗೆ ಬ್ಯುಟೈಲ್ ಸುತ್ತಿ ಕೂರಿಸಿದರೆ ಅಲ್ಲೊಂದು ಉಂಗುರ ಆಗುತ್ತದೆ. ಬಿಗಿಯುವಾಗ ಮೇಲಿನ ತಲೆಯನ್ನು ತಿರುಗಿಸಬೇಡಿ, ಕೆಳಗಿನ ನಟ್ ಮಾತ್ರ ತಿರುಗಲಿ. ತಲೆ ತಿರುಗಿದರೆ ಕೂತ ಸೀಲ್ ಹರಿಯುತ್ತದೆ. ಒಂದೇ ಏಟಿಗೆ ಬಿಗಿಯಲೂಬೇಡಿ. ಇವತ್ತು ಒಂದಿಷ್ಟು, ಬಿಸಿಲು ಬಿದ್ದ ಮೇಲೆ ನಾಳೆ ಒಂದಿಷ್ಟು, ಹೆಚ್ಚಾದದ್ದು ಹೊರಗೆ ಉಕ್ಕುತ್ತದೆ, ಚಾಕುವಿನಿಂದ ಕೊಯ್ದು ತೆಗೆಯಿರಿ. ಕೆಳಗೆ ವಾಷರಿನ ಬದಲು ಕಾಲು ಇಂಚು ದಪ್ಪದ ಜಿ10 (ಗಾಜಿನ ನಾರು, ಎಪಾಕ್ಸಿ ಸೇರಿಸಿ ಒತ್ತಿದ ಗಟ್ಟಿ ಹಲಗೆ) ಫೈಬರ್ ತಗಡು ಹಾಕಿದೆ, ಬುಡಕ್ಕಿಂತ ಅಗಲ, ಮೂಲೆ ಉಜ್ಜಿ ದುಂಡಗೆ ಮಾಡಿದ್ದು. ಈಗ ಸ್ಟಾಂಚನ್ ಹಿಡಿದು ಅಲುಗಾಡಿಸಿದರೆ ದೋಣಿಯೇ ಅಲುಗುತ್ತದೆ.

ಹೇಗೂ ಕೈ ಹಾಕಿದ್ದೀರಿ, ಇವನ್ನೂ ನೋಡಿಬಿಡಿ

ಚೈನ್‌ಪ್ಲೇಟ್. ಹಾಯಿಕಂಬವನ್ನು ಹಿಡಿದಿರುವ ತಂತಿಗಳು ದೋಣಿಯ ಮೈಗೆ ಸೇರುವ ಸ್ಟೀಲ್ ಪಟ್ಟಿ. ನನ್ನ ಲೆಕ್ಕದಲ್ಲಿ ಡೆಕ್ ಮೇಲಿನ ಅತಿ ಅಪಾಯದ ವಸ್ತು ಇದೇ, ಒಂದು ಮುರಿದರೆ ಕಂಬವೇ ಉರುಳುತ್ತದೆ. ಸವೆಯುವುದು ಎಲ್ಲಿ ಗೊತ್ತಾ? ಡೆಕ್ಕಿನ ದಪ್ಪದೊಳಗೆ ಹಾದುಹೋಗುವ ಆ ಒಂದಿಂಚಿನಲ್ಲಿ. ಮೇಲೆ ನಿಂತರೂ ಕಾಣುವುದಿಲ್ಲ, ಕೆಳಗೆ ಮಲಗಿದರೂ ಕಾಣುವುದಿಲ್ಲ. ಒಳಗೆ ಅದನ್ನು ಬಿಗಿದಿರುವ ಪ್ಲೈವುಡ್ ಗೋಡೆ ಕಪ್ಪಾಗಿದ್ದರೆ, ಕಂದು ಗೆರೆ ಇಳಿದಿದ್ದರೆ, ಬಿಚ್ಚಿ ಹೊರಗೆ ತೆಗೆದೇ ನೋಡಬೇಕು. ಕಂಬಕ್ಕೆ ಬೇರೆ ಹಗ್ಗದ ಆಸರೆ ಕೊಟ್ಟು, ಒಂದು ಸಲಕ್ಕೆ ಒಂದೇ ಬಿಚ್ಚಿ. ಬಿರುಕು ಹುಡುಕಲು ಡೈ ಪೆನೆಟ್ರೆಂಟ್ ಅಂತ ಮೂರು ಡಬ್ಬಿಯ ಸ್ಪ್ರೇ ಸಿಗುತ್ತದೆ. ಕ್ಲೀನರ್ ಹಾಕಿ ಒರೆಸಿ, ಕೆಂಪು ಬಣ್ಣ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಪೂರ್ತಿ ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿನಲ್ಲಿ ಅಡಗಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಏಳುತ್ತದೆ. ಗೆರೆ ಕಂಡರೆ ಬೆಸುಗೆ ಹಾಕಿಸುವ ಯೋಚನೆ ಬೇಡ, ಹೊಸದೇ ಮಾಡಿಸಿ.

ಲೈಫ್‌ಲೈನ್ ತಂತಿಗೆ ಬಿಳಿ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದು ಕೈಗೆ ನುಣುಪು, ಕಣ್ಣಿಗೆ ಮೋಸ. ತುದಿಯ ಫಿಟಿಂಗ್ ಸೇರುವ ಕಡೆ ಕಂದು ಕಲೆ ನೋಡಿ. ಹಾಯಿದೋಣಿ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ಕಡಲ ರೇಸ್ ನಿಯಮಗಳೂ ಸ್ಟೇನ್‌ಲೆಸ್ ತಂತಿಯಾದರೆ ಹೊದಿಕೆ ಇಲ್ಲದ್ದನ್ನೇ ಕೇಳುತ್ತವೆ. ಬರೀ ತಂತಿಯಾದರೆ ಹತ್ತಿ ಉಂಡೆ ಹಿಡಿದು ಉದ್ದಕ್ಕೂ ಸವರಿ. ಒಂದು ಎಳೆ ಮುರಿದಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಸವರಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಸುರಕ್ಷತೆಯ ಹಗ್ಗವನ್ನು ಲೈಫ್‌ಲೈನಿಗೆ ಸಿಕ್ಕಿಸುವ ಅಭ್ಯಾಸ ಇದ್ದರೆ ಬಿಡಿ. ಅದಕ್ಕೆ ಡೆಕ್ ಮೇಲೆ ಉದ್ದಕ್ಕೆ ಕಟ್ಟುವ ಜಾಕ್‌ಲೈನ್ ಬೇರೆ ಇದೆ, ಅದರ ಕೊಂಡಿಗಳಿಗೂ ಕೆಳಗೆ ತಗಡು ಇದೆಯಾ ಅಂತ ನೋಡಿ.

ಕ್ಲೀಟ್‌ಗಳಿಗೆ ಬೋಲ್ಟ್ ಹಾಕಿದ್ದಾರೋ ಬರೀ ಮರದ ಸ್ಕ್ರೂ ಹೊಡೆದಿದ್ದಾರೋ ನೋಡಿ, ಸ್ಕ್ರೂ ಆದರೆ ಬದಲಿಸಿ. ಅಳತೆಗೆ ಒಂದು ಸುಲಭ ಲೆಕ್ಕ: ಹಗ್ಗದ ದಪ್ಪ ಅರ್ಧ ಇಂಚಾದರೆ ಕ್ಲೀಟ್ 8 ಇಂಚು ಉದ್ದ ಇರಬೇಕು.

ವಿಂಚ್ (ಹಗ್ಗ ಸುತ್ತಿ ಎಳೆಯುವ ಉರುಳೆ) ತಿರುಗಿಸಿದಾಗ ಟಿಕ್ ಟಿಕ್ ಸದ್ದು ಕಿವಿಗೊಟ್ಟು ಕೇಳಿ. ಒಳಗಿನ ಪಾಲ್ ಅನ್ನುವ ಸಣ್ಣ ನಾಲಿಗೆಗಳು ಹಲ್ಲಿಗೆ ಬೀಳುವ ಸದ್ದು ಅದು. ಸದ್ದು ಮಂಕಾಗಿದ್ದರೆ, ನಡುನಡುವೆ ತಪ್ಪುತ್ತಿದ್ದರೆ, ಗ್ರೀಸ್ ಗಟ್ಟಿಯಾಗಿ ನಾಲಿಗೆ ಅಂಟಿಕೊಂಡಿದೆ. ಭಾರ ಇದ್ದಾಗ ಅದು ಜಾರಿದರೆ ಹಿಡಿ ಗಿರ್ರನೆ ಹಿಂದಕ್ಕೆ ತಿರುಗಿ ಮುಂಗೈಗೆ ಬಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಗೇರಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಪಾಲ್‌ಗಳಿಗೆ ಮಾತ್ರ ಗ್ರೀಸ್ ಬೇಡ, ಒಂದು ಹನಿ ಎಣ್ಣೆ. ಬಿಚ್ಚುವ ಮೊದಲು ಸುತ್ತ ಬಟ್ಟೆ ಹಾಸಿ, ಪಾಲ್ ಸ್ಪ್ರಿಂಗುಗಳಿಗೆ ನೀರಿಗೆ ಹಾರುವುದೆಂದರೆ ಬಹಳ ಇಷ್ಟ.

ಎಲ್ಲಾ ಮುಗಿದ ಮೇಲೆ ಜನವರಿಯಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಹೊಸ ಬೋಲ್ಟುಗಳ ಕೆಳಗೆಲ್ಲ ಟಿಶ್ಯೂ ಕಾಗದ ಅಂಟಿಸಿ ಬಂದಿದ್ದೆ. ಹೋಗಿ ನೋಡಿದರೆ ಎಲ್ಲಾ ಗರಿಗರಿ. ಹಾಸಿಗೆ ಒಣ. ಎಡಗಡೆ ಕಿಟಕಿಯ ಕೆಳಗೆ ಮಾತ್ರ ಒಂದು ಹೊಸ ಹನಿ, ಸಪ್ಪೆಯದು. ಚೌಕಟ್ಟಿನ ಸುತ್ತ ಹಿಂದಿನ ಮಾಲೀಕರು ಯಾರೋ ಧಾರಾಳವಾಗಿ ಸಿಲಿಕೋನ್ ಬಳಿದಿದ್ದಾರೆ. ಬ್ಲೋವರ್ ಇನ್ನೂ ವಾಪಸ್ ಕೊಟ್ಟಿಲ್ಲ.